ಮಿಸ್ಟಿಕ್ ಪಾಪ್-ಅಪ್ ಬಾರ್

ಮಿಸ್ಟಿಕ್ ಪಾಪ್-ಅಪ್ ಬಾರ್ ದಕ್ಷಿಣ ಕೊರಿಯಾದ ಒಂದು ದೂರದರ್ಶನ ಧಾರಾವಾಹಿ. ಕೊರಿಯನ್ ಭಾಷೆಯಲ್ಲಿ ಇದರ ಹೆಸರು ಸಾಂಗ್‌ಗಾಪ್ ಪೋಚಾ. ಬೇ ಹೈ-ಸು ಅವರು ರಚಿಸಿದ ಇದೇ ಹೆಸರಿನ ವೆಬ್‌ಟೂನ್ ಇದಕ್ಕೆ ಆಧಾರ. ಜೆಟಿಬಿಸಿ ವಾಹಿನಿಯಲ್ಲಿ 2020ರ ಮೇ 20ರಿಂದ ಜೂನ್ 25ರವರೆಗೆ ಬುಧವಾರ ಮತ್ತು ಗುರುವಾರ ರಾತ್ರಿ ಒಟ್ಟು 12 ಕಂತುಗಳಲ್ಲಿ ಪ್ರಸಾರವಾಯಿತು. ನೆಟ್‌ಫ್ಲಿಕ್ಸ್ ಮೂಲಕ ಕೊರಿಯಾದ ಹೊರಗಿನ ವೀಕ್ಷಕರಿಗೂ ದೊರೆಯಿತು. ರಾತ್ರಿ ಹೊತ್ತು ಬೀದಿಯಲ್ಲಿ ತೆರೆಯುವ ಒಂದು ಡೇರೆ ಅಂಗಡಿ, ಅಲ್ಲಿಗೆ ಊಟಕ್ಕೂ ಮದ್ಯಕ್ಕೂ ಬರುವ ಗಿರಾಕಿಗಳು, ಅವರ ಎದೆಯೊಳಗೆ ಕಟ್ಟಿಕೊಂಡಿರುವ ಕೊರಗು, ಆ ಕೊರಗನ್ನು ಅವರ ಕನಸಿನೊಳಗೆ ಹೊಕ್ಕು ಬಿಡಿಸುವ ಅಂಗಡಿಯೊಡತಿ: ಇವು ಧಾರಾವಾಹಿಯ ಮುಖ್ಯ ವಸ್ತು. ಹಾಸ್ಯ, ಅದ್ಭುತ ಮತ್ತು ಕರುಣ ರಸಗಳು ಇದರಲ್ಲಿ ಬೆರೆತಿವೆ.

ಹೆಸರಿನ ಅರ್ಥ

ಶೀರ್ಷಿಕೆಯಲ್ಲಿರುವ 'ಸಾಂಗ್' ಎಂದರೆ ಜೋಡಿ ಅಥವಾ ಎರಡೂ ಎಂದು ಅರ್ಥ. 'ಗಾಪ್' ಎಂಬುದು ಪೂರ್ವ ಏಷ್ಯಾದ ಪ್ರಾಚೀನ ಕಾಲಗಣನೆಯಲ್ಲಿ ಬಳಕೆಯಲ್ಲಿದ್ದ ಹತ್ತು ಸಂಕೇತಗಳ ಪೈಕಿ ಮೊದಲನೆಯದು, ಎರಡನೆಯದು 'ಉಲ್'. ಕೊರಿಯಾದ ಕರಾರು ಪತ್ರಗಳಲ್ಲಿ ಇಬ್ಬರು ಪಕ್ಷಕಾರರನ್ನು ಈ ಎರಡು ಅಕ್ಷರಗಳಿಂದ ಗುರುತಿಸುವುದು ರೂಢಿ. ಹಣ ಕೊಡುವವನು, ಕೆಲಸ ಕೊಡುವವನು ಅಥವಾ ಮನೆಯ ಮಾಲೀಕ ಸಾಮಾನ್ಯವಾಗಿ ಗಾಪ್. ಹಣ ಪಡೆಯುವವನು, ದುಡಿಯುವವನು ಅಥವಾ ಬಾಡಿಗೆದಾರ ಉಲ್. ಕಾಲಕ್ರಮದಲ್ಲಿ ಈ ಪದಗಳು ಕಾಗದವನ್ನು ಬಿಟ್ಟು ಆಡುಮಾತಿಗೆ ಇಳಿದವು. ಬಲವುಳ್ಳವನು ಬಲಹೀನನ ಮೇಲೆ ನಡೆಸುವ ದರ್ಪಕ್ಕೆ 'ಗಾಪ್‌ಜಿಲ್' ಎಂಬ ಪದ ಹುಟ್ಟಿಕೊಂಡಿತು.

ಹೀಗಾಗಿ 'ಸಾಂಗ್‌ಗಾಪ್' ಎಂದರೆ ಎರಡೂ ಕಡೆಯವರು ಗಾಪ್ ಆಗಿರುವ ಸ್ಥಿತಿ. ಬಡಿಸುವವರು ಮತ್ತು ಉಣ್ಣುವವರು ಇಬ್ಬರೂ ಸಮಾನರು, ಇಬ್ಬರಲ್ಲಿ ಯಾರೂ ಕೆಳಗಿನವರಲ್ಲ ಎಂಬ ನಿಲುವನ್ನು ಅಂಗಡಿಯ ಹೆಸರೇ ಸಾರುತ್ತದೆ. 'ಪೋಚಾ' ಎಂಬುದು 'ಪೋಜಾಂಗ್‌ಮಾಚಾ' ಎಂಬ ಪದದ ಹ್ರಸ್ವರೂಪ. ಇಂಗ್ಲಿಷ್ ಶೀರ್ಷಿಕೆಯಲ್ಲಿ ಈ ಶ್ಲೇಷೆ ಉಳಿದಿಲ್ಲ.

ಪೋಜಾಂಗ್‌ಮಾಚಾ

ಪೋಜಾಂಗ್‌ಮಾಚಾ ಎಂದರೆ ಶಬ್ದಶಃ 'ಹೊದಿಕೆಯುಳ್ಳ ಕುದುರೆಗಾಡಿ'. ಕೊರಿಯಾದ ನಗರಗಳಲ್ಲಿ ತಳ್ಳುಗಾಡಿಯ ಸುತ್ತ ಟಾರ್ಪಾಲು ಕಟ್ಟಿ, ಒಳಗೆ ಸ್ಟೂಲುಗಳನ್ನು ಹಾಕಿ ನಡೆಸುವ ರಾತ್ರಿಯ ತಿನಿಸಂಗಡಿಗಳಿಗೆ ಈ ಹೆಸರಿದೆ. ಅಕ್ಕಿಹಿಟ್ಟಿನ ತುಂಡುಗಳನ್ನು ಖಾರದ ಗೊಜ್ಜಿನಲ್ಲಿ ಬೇಯಿಸಿದ ತೊಕ್‌ಬೊಕ್ಕಿ, ಹಂದಿಯ ಕರುಳಿನೊಳಗೆ ಹೂರಣ ತುಂಬಿ ಬೇಯಿಸಿದ ಸುಂಡೇ, ಮೀನಿನ ಹಿಟ್ಟಿನ ಓಮುಕ್ ಮತ್ತು ಅದರ ಬಿಸಿ ಸಾರು, ಖಾರದ ಕೋಳಿಕಾಲು, ನೂಡಲ್ಸ್ ಮುಂತಾದವು ಇಲ್ಲಿನ ಸಾಮಾನ್ಯ ತಿನಿಸುಗಳು. ಇವುಗಳ ಜೊತೆ ಸೋಜು ಎಂಬ ಮದ್ಯವನ್ನು ಕುಡಿಯುತ್ತಾರೆ.

ಕೊರಿಯನ್ ಚಲನಚಿತ್ರ ಮತ್ತು ಧಾರಾವಾಹಿಗಳಲ್ಲಿ ಪೋಜಾಂಗ್‌ಮಾಚಾ ಮನಸ್ಸು ಬಿಚ್ಚಿ ಮಾತಾಡುವ ಸ್ಥಳವಾಗಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕೆಲಸ ಕಳೆದುಕೊಂಡವರು, ಪ್ರೇಮ ಮುರಿದವರು, ಮೇಲಧಿಕಾರಿಯ ಬೈಗುಳ ನುಂಗಿ ಬಂದವರು ಅಲ್ಲಿ ಕೂರುತ್ತಾರೆ. ನೈಜ ಜೀವನದಲ್ಲಿ ಈ ಅಂಗಡಿಗಳ ಸ್ಥಿತಿ ಅಷ್ಟು ಭದ್ರವಾಗಿರಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ಗೆ ಮುನ್ನ ನಗರದ ಬೀದಿಗಳನ್ನು ಅಂದಗೊಳಿಸುವ ಹೆಸರಿನಲ್ಲಿ ಬೀದಿ ವ್ಯಾಪಾರಿಗಳ ಮೇಲೆ ಕಟ್ಟುನಿಟ್ಟಿನ ಕ್ರಮ ಜರುಗಿಸಲಾಗಿತ್ತು. ಅನಂತರ ಕಟ್ಟಡದೊಳಗೇ ಡೇರೆಯ ರೂಪ ಕೊಟ್ಟು ನಡೆಸುವ ಪೋಚಾಗಳೂ ಬಳಕೆಗೆ ಬಂದಿವೆ.

ಕಥಾವಸ್ತು

ಕಥೆಯ ಮೂಲ ಸುಮಾರು ಐನೂರು ವರ್ಷಗಳ ಹಿಂದಿನ ಜೋಸೊನ್ ರಾಜ್ಯದ ಕಾಲಕ್ಕೆ ಸೇರಿದೆ. ವೋಲ್-ಜು ಎಂಬ ಯುವತಿ ದೈವವನ್ನು ಆವಾಹಿಸುವ ಮುಡಾಂಗ್ ಒಬ್ಬಳ ಮಗಳು. ಇತರರ ಕನಸುಗಳನ್ನು ಅರಿತು ಅವರ ನೋವನ್ನು ಪರಿಹರಿಸುವ ಶಕ್ತಿ ಅವಳಿಗಿದೆ. ಅಸ್ವಸ್ಥನಾದ ಯುವರಾಜನನ್ನು ಗುಣಪಡಿಸಲು ಅವಳನ್ನು ಅರಮನೆಗೆ ಕರೆಸುತ್ತಾರೆ. ಇಬ್ಬರಲ್ಲಿ ಪ್ರೇಮ ಅಂಕುರಿಸುತ್ತದೆ. ಆದರೆ ಅರಮನೆಯ ಸುತ್ತಲಿನ ಸಂಚು ಮತ್ತು ಅಪಪ್ರಚಾರಕ್ಕೆ ಸಿಲುಕಿ ಅವಳ ತಾಯಿ ಕೊಲೆಯಾಗುತ್ತಾಳೆ. ತಾಯಿಯನ್ನು ಕಳೆದುಕೊಂಡ ವೋಲ್-ಜು ಮನುಷ್ಯರನ್ನು ಶಪಿಸುತ್ತಾ ಊರಿನ ಪವಿತ್ರ ವೃಕ್ಷಕ್ಕೆ ನೇಣು ಹಾಕಿಕೊಳ್ಳುತ್ತಾಳೆ.

ದೈವದ ಮರವನ್ನು ಅಪವಿತ್ರಗೊಳಿಸಿದ ತಪ್ಪಿಗೆ ಪರಲೋಕದ ನ್ಯಾಯ ಅವಳಿಗೆ ವಿಚಿತ್ರವಾದ ಶಿಕ್ಷೆ ವಿಧಿಸುತ್ತದೆ. ಅವಳು ಭೂಲೋಕದಲ್ಲಿ ಉಳಿದು 1,00,000 ಜನರ ಕೊರಗನ್ನು ತೀರಿಸಬೇಕು. ಮನುಷ್ಯರನ್ನು ದ್ವೇಷಿಸಿ ಸತ್ತವಳು ಅದೇ ಮನುಷ್ಯರಿಗೆ ಅಡುಗೆ ಮಾಡಿ ಬಡಿಸಿ, ಅವರ ಗೋಳು ಕೇಳಬೇಕಾಗುತ್ತದೆ. ವರ್ತಮಾನದ ಸೋಲ್‌ನಲ್ಲಿ ಕಥೆ ತೆರೆದುಕೊಳ್ಳುವಾಗ ಎಣಿಕೆ ಬಹುತೇಕ ಮುಗಿದಿದೆ; ಇನ್ನು ಕೆಲವೇ ಜನ ಉಳಿದಿದ್ದಾರೆ. ಆದರೆ ಗಡುವು ಹತ್ತಿರವಾಗಿದೆ. ಹಿಂದಿನ ಕಾಲದವರಂತೆ ಇಂದಿನ ಜನ ಅಪರಿಚಿತರ ಮುಂದೆ ಮನಸ್ಸನ್ನು ತೆರೆಯುವುದಿಲ್ಲ ಎಂಬುದು ಅವಳಿಗೆ ಎದುರಾಗುವ ದೊಡ್ಡ ತೊಡಕು.

ಈ ತೊಡಕಿಗೆ ಪರಿಹಾರವಾಗಿ ಬರುವವನು ಹಾನ್ ಕಾಂಗ್-ಬೇ. ಅವನು ಗಾಪ್-ಉಲ್ ಮಾರ್ಟ್ ಎಂಬ ದೊಡ್ಡ ಅಂಗಡಿಯ ಗ್ರಾಹಕ ಸೇವಾ ವಿಭಾಗದಲ್ಲಿ ದುಡಿಯುವ ಯುವಕ. ಅವನ ಮೈ ಸೋಕಿದವರೆಲ್ಲ ತಮ್ಮ ಅಂತರಂಗದ ದುಃಖವನ್ನು ತಡೆಯಲಾರದೆ ಹೇಳಿಬಿಡುತ್ತಾರೆ. ಅದರಿಂದಾಗಿ ಅವನು ಜನರಿಂದ ದೂರವಿರಲು ಬಯಸುತ್ತಾನೆ. ಆ ಶಕ್ತಿಯಿಂದ ಬಿಡುಗಡೆ ದೊರಕಿಸುವ ಮಾತಿಗೆ ಪ್ರತಿಯಾಗಿ ಅವನು ರಾತ್ರಿ ವೇಳೆ ಪೋಚಾದಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ. ಅಂಗಡಿಯ ವ್ಯವಸ್ಥೆ ನೋಡಿಕೊಳ್ಳುವ ಗ್ವಿ, ಒಂದು ಕಾಲದಲ್ಲಿ ದುಷ್ಟ ಆತ್ಮಗಳನ್ನು ಹಿಡಿಯುತ್ತಿದ್ದ ಪರಲೋಕದ ಪೊಲೀಸ್ ದಳದ ಮುಖ್ಯಸ್ಥ.

ಗಿರಾಕಿಗೆ ಒಂದು ವಿಶೇಷ ಮದ್ಯವನ್ನು ಕುಡಿಸಿ ವೋಲ್-ಜು ಅವರ ಕನಸಿನ ಲೋಕವನ್ನು ಪ್ರವೇಶಿಸುತ್ತಾಳೆ. ಧಾರಾವಾಹಿ ಈ ಲೋಕವನ್ನು 'ಗುಸುಂಗ್' ಎಂದು ಕರೆಯುತ್ತದೆ. ಕೊರಿಯನ್ ಭಾಷೆಯಲ್ಲಿ ಈ ಲೋಕಕ್ಕೆ 'ಇಸುಂಗ್', ಪರಲೋಕಕ್ಕೆ 'ಜೊಸುಂಗ್' ಎಂಬ ಪದಗಳಿವೆ. ಇವುಗಳ ಮೊದಲ ಅಕ್ಷರಗಳು 'ಇದು' ಮತ್ತು 'ಅದು' ಎಂಬುದನ್ನು ಸೂಚಿಸುವುದರಿಂದ, ಎರಡರ ನಡುವಿನ ಸೂಚಕವನ್ನು ಬಳಸಿ ಮೂರನೆಯ ಲೋಕಕ್ಕೆ ಹೆಸರಿಡಲಾಗಿದೆ. ಕಂತುಗಳು ಮುಂದುವರಿದಂತೆ ಗಿರಾಕಿಗಳ ಕಥೆಗಳು ಹಿಂದೆ ಸರಿದು, ಅಂಗಡಿಯ ಮೂವರ ಪೂರ್ವಜನ್ಮದ ನಂಟು ಹೊರಬರುತ್ತದೆ. ಗ್ವಿ ಯಾರು, ಕಾಂಗ್-ಬೇಯ ಶಕ್ತಿ ಎಲ್ಲಿಂದ ಬಂತು, ಐನೂರು ವರ್ಷಗಳ ಹಿಂದೆ ನಿಜವಾಗಿ ದ್ರೋಹ ಬಗೆದವರು ಯಾರು ಎಂಬ ಪ್ರಶ್ನೆಗಳು ಕೊನೆಯ ಭಾಗದ ಕಥೆಯನ್ನು ನಡೆಸುತ್ತವೆ. ಲಕ್ಷ ಜನರ ಕೊರಗನ್ನು ತೀರಿಸಿದವಳ ಸ್ವಂತ ಕೊರಗು ಇನ್ನೂ ತೀರಿಲ್ಲ ಎಂಬುದು ಕಥೆಯ ಒಳಗಿರುವ ನೋವು.

ಗಿರಾಕಿಗಳು

ಧಾರಾವಾಹಿಯ ಮೊದಲಾರ್ಧದಲ್ಲಿ ಒಂದೊಂದು ಕಂತಿನ ಸುತ್ತ ಒಬ್ಬಿಬ್ಬರು ಗಿರಾಕಿಗಳ ಬದುಕು ಹೆಣೆದುಕೊಂಡಿದೆ. ಮೊದಲ ಕಂತಿನಲ್ಲಿ ಬರುವ ಮಾರ್ಟ್‌ನ ಮಹಿಳಾ ನೌಕರಳು ಮೇಲಧಿಕಾರಿಯಿಂದ ಲೈಂಗಿಕ ಕಿರುಕುಳ ಅನುಭವಿಸುತ್ತಿದ್ದು, ಕೆಲಸ ಹೋಗುವ ಭಯದಿಂದ ಬಾಯಿ ಬಿಡಲಾರಳು. ಮತ್ತೊಂದು ಕಥೆಯಲ್ಲಿ ಉದ್ಯೋಗ ಅರಸುವ ಯುವಕರು ನೇಮಕಾತಿಯಲ್ಲಿನ ವಶೀಲಿಗೆ ಬಲಿಯಾಗುತ್ತಾರೆ. ಇನ್ನೊಂದರಲ್ಲಿ ಮಗುವಿಗಾಗಿ ಹಂಬಲಿಸುವ ದಂಪತಿಗಳಿಗೆ ಗರ್ಭಸೂಚಕ ಕನಸೊಂದನ್ನು ದೊರಕಿಸಿಕೊಡುವುದೇ ವೋಲ್-ಜುವಿನ ಕೆಲಸವಾಗುತ್ತದೆ.

ಈ ಗಿರಾಕಿಗಳಲ್ಲಿ ಹೆಚ್ಚಿನವರು ಸಮಾಜದಲ್ಲಿ 'ಉಲ್' ಸ್ಥಾನದಲ್ಲಿರುವವರು. ಹಗಲಿನಲ್ಲಿ ಅವರು ಇತರರಿಗೆ ಸೇವೆ ಸಲ್ಲಿಸುತ್ತಾರೆ, ತಲೆಬಾಗುತ್ತಾರೆ, ಕ್ಷಮೆ ಕೇಳುತ್ತಾರೆ. ರಾತ್ರಿ ಪೋಚಾದಲ್ಲಿ ಅವರೇ ಗಿರಾಕಿಗಳು. ಆದರೆ ವೋಲ್-ಜು ಗಿರಾಕಿಯನ್ನು ದೇವರೆಂದು ಓಲೈಸುವವಳಲ್ಲ. ಅವಳು ಸಿಡುಕುತ್ತಾಳೆ, ಗದರುತ್ತಾಳೆ, ಒರಟಾಗಿ ಮಾತಾಡುತ್ತಾಳೆ. ಹಾಗಿದ್ದೂ ಎದುರಿಗೆ ಕೂತವರ ಮಾತನ್ನು ಪೂರ್ತಿ ಕೇಳುತ್ತಾಳೆ. ಅಂಗಡಿಯ ಹೆಸರು ಹೇಳುವ ಸಮಾನತೆ ಅವಳ ಈ ನಡವಳಿಕೆಯಲ್ಲಿ ಕಾಣುತ್ತದೆ. ಹಗಲಿನ ಕೆಲಸದ ಸ್ಥಳಕ್ಕೆ ಗಾಪ್-ಉಲ್ ಮಾರ್ಟ್ ಎಂದೂ ರಾತ್ರಿಯ ಡೇರೆಗೆ ಸಾಂಗ್‌ಗಾಪ್ ಎಂದೂ ಹೆಸರಿರುವುದು ಈ ವೈದೃಶ್ಯವನ್ನು ಎತ್ತಿ ತೋರಿಸುತ್ತದೆ.

ಪ್ರಮುಖ ಪಾತ್ರವರ್ಗ

- ಹ್ವಾಂಗ್ ಜುಂಗ್-ಉಮ್: ವೋಲ್-ಜು, ಪೋಚಾದ ಒಡತಿ
- ಪಾರ್ಕ್ ಸಿ-ಉನ್: ಜೋಸೊನ್ ಕಾಲದ ವೋಲ್-ಜು
- ಯುಕ್ ಸುಂಗ್-ಜೇ: ಹಾನ್ ಕಾಂಗ್-ಬೇ, ಮಾರ್ಟ್ ನೌಕರ ಮತ್ತು ಪೋಚಾದ ಸಹಾಯಕ
- ಚೋಯ್ ವೊನ್-ಯಂಗ್: ಗ್ವಿ, ಪೋಚಾದ ವ್ಯವಸ್ಥಾಪಕ
- ಸಾಂಗ್ ಗೊನ್-ಹೀ: ಜೋಸೊನ್ ಕಾಲದ ಯುವರಾಜ
- ಜುಂಗ್ ಡಾ-ಉನ್: ಕಾಂಗ್ ಯೋ-ರಿನ್, ಮಾರ್ಟ್‌ನ ಭದ್ರತಾ ಸಿಬ್ಬಂದಿ
- ಲೀ ಜುನ್-ಹ್ಯೊಕ್: ಯೊಮ್, ಪರಲೋಕದ ಅಧಿಕಾರಿ
- ನಾ ಇನ್-ವೂ: ಕಿಮ್ ವೊನ್-ಹ್ಯೊಂಗ್

ನಿರ್ಮಾಣ ಮತ್ತು ಪ್ರಸಾರ

ಮೂಲ ವೆಬ್‌ಟೂನ್ 2016ರಿಂದ ಡೌಮ್ ವೆಬ್‌ಟೂನ್ ವೇದಿಕೆಯಲ್ಲಿ ಪ್ರಕಟವಾಗತೊಡಗಿತು. ಮೊಬೈಲ್ ಪರದೆಯಲ್ಲಿ ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋಗುವ ಚಿತ್ರಕಥೆಗಳಿಗೆ ವೆಬ್‌ಟೂನ್ ಎಂದು ಹೆಸರು. ಇದನ್ನು ಧಾರಾವಾಹಿಗಾಗಿ ಹಾ ಯೂನ್-ಆ ಬರೆದರು. ಜೊನ್ ಚಾಂಗ್-ಗುನ್ ನಿರ್ದೇಶಿಸಿದರು. ನಿರ್ದೇಶಕರು ಇದಕ್ಕೆ ಮೊದಲು ಜೆಟಿಬಿಸಿಗಾಗಿ 2017ರಲ್ಲಿ 'ದ ಪ್ಯಾಕೇಜ್' ಧಾರಾವಾಹಿಯನ್ನು ನಿರ್ದೇಶಿಸಿದ್ದರು. ಕಾಂಗ್-ಬೇ ಪಾತ್ರ ವಹಿಸಿದ ಯುಕ್ ಸುಂಗ್-ಜೇ ಬಿಟುಬಿ ಸಂಗೀತ ತಂಡದ ಸದಸ್ಯ. ಅವರು ಕಡ್ಡಾಯ ಸೈನಿಕ ಸೇವೆಗಾಗಿ 2020ರ ಮೇ 11ರಂದು, ಅಂದರೆ ಪ್ರಸಾರ ಆರಂಭವಾಗುವ ಮೊದಲೇ ಸೇನೆಗೆ ಸೇರಿದರು.

ನಂಬಿಕೆಗಳ ಹಿನ್ನೆಲೆ

ಧಾರಾವಾಹಿ ಕೊರಿಯಾದ ಜಾನಪದ ನಂಬಿಕೆಗಳನ್ನು ಧಾರಾಳವಾಗಿ ಬಳಸಿಕೊಂಡಿದೆ. ಊರಿನ ಹಿರಿಯ ಮರವನ್ನು ರಕ್ಷಕ ದೈವವೆಂದು ಪೂಜಿಸುವುದು, ಮುಡಾಂಗ್‌ಗಳ ಮೂಲಕ ಸತ್ತವರ ಅತೃಪ್ತಿಯನ್ನು ಶಮನಗೊಳಿಸುವುದು, ಮಕ್ಕಳನ್ನು ಕರುಣಿಸುವ ಸಾಮ್‌ಶಿನ್ ಅಜ್ಜಿ ಇವೆಲ್ಲ ಆ ಪರಂಪರೆಗೆ ಸೇರಿದವು. ಪರಲೋಕದ ಅಧಿಪತಿ ಯೊಮ್ರಾ ಭಾರತದ ಯಮರಾಜನೇ. ಬೌದ್ಧಧರ್ಮದೊಂದಿಗೆ ಯಮನ ಕಲ್ಪನೆ ಚೀನಾಕ್ಕೆ ಹೋಗಿ, ಅಲ್ಲಿಂದ ಕೊರಿಯಾ ತಲುಪಿ ಈ ಹೆಸರು ಪಡೆಯಿತು.

ಕನಸು ಒಂದು ಕೊಡು-ಕೊಳ್ಳುವ ವಸ್ತು ಎಂಬ ಭಾವನೆಯೂ ಹಳೆಯದು. 13ನೆಯ ಶತಮಾನದ 'ಸಾಮ್‌ಗುಕ್ ಯುಸಾ' ಗ್ರಂಥದಲ್ಲಿ, ಸಿಲ್ಲಾ ರಾಜ್ಯದ ಸೇನಾನಿ ಕಿಮ್ ಯು-ಶಿನ್‌ನ ಕಿರಿಯ ತಂಗಿ ಮುನ್‌ಹುಯಿ ತನ್ನ ಅಕ್ಕನ ಕನಸನ್ನು ರೇಷ್ಮೆ ಲಂಗ ಕೊಟ್ಟು ಕೊಂಡು, ಮುಂದೆ ರಾಣಿಯಾದ ಕಥೆಯಿದೆ. ಗರ್ಭಧಾರಣೆಯನ್ನು ಮುನ್ಸೂಚಿಸುವ 'ತೇಮೊಂಗ್' ಕನಸಿನ ಬಗ್ಗೆ ಇಂದಿಗೂ ಕೊರಿಯನ್ ಕುಟುಂಬಗಳಲ್ಲಿ ಮಾತಾಡುವುದುಂಟು.

ತೀರದ ಅನ್ಯಾಯದಿಂದ ಎದೆಯಲ್ಲಿ ಗಟ್ಟಿಯಾಗುವ ನೋವಿಗೆ ಕೊರಿಯನ್ ಭಾಷೆಯಲ್ಲಿ 'ಹಾನ್' ಎಂಬ ಪದವಿದೆ. ಹಾನ್ ಉಳಿಸಿಕೊಂಡು ಸತ್ತವರಿಗೆ ಶಾಂತಿಯಿಲ್ಲ ಎಂಬುದು ಜನಪದರ ನಂಬಿಕೆ. ಗತಿಸಿದ ಹಿರಿಯರಿಗೆ ಎಡೆ ಇಡುವ 'ಜೇಸಾ' ಆಚರಣೆಯಲ್ಲಿ ಅನ್ನವೇ ಎರಡು ಲೋಕಗಳ ನಡುವಿನ ಸೇತುವೆ. ವೋಲ್-ಜುವಿನ ಪೋಚಾದಲ್ಲಿ ಈ ಕ್ರಮ ತಿರುಗಿದೆ: ಇಲ್ಲಿ ಸತ್ತವಳು ಬದುಕಿರುವವರಿಗೆ ಬಡಿಸುತ್ತಾಳೆ.

ಸಾಮಾಜಿಕ ಹಿನ್ನೆಲೆ

ಧಾರಾವಾಹಿ ಪ್ರಸಾರವಾಗುವ ಹಿಂದಿನ ವರ್ಷಗಳಲ್ಲಿ ಗಾಪ್‌ಜಿಲ್ ಕೊರಿಯಾದಲ್ಲಿ ಸಾರ್ವಜನಿಕ ಚರ್ಚೆಯ ವಿಷಯವಾಗಿತ್ತು. 2014ರ ಡಿಸೆಂಬರ್‌ನಲ್ಲಿ ವಿಮಾನವೊಂದರಲ್ಲಿ ಬೀಜಗಳನ್ನು ಬಡಿಸಿದ ರೀತಿಗೆ ಸಿಟ್ಟಾದ ವಿಮಾನಸಂಸ್ಥೆಯ ಉನ್ನತಾಧಿಕಾರಿಯೊಬ್ಬರು ವಿಮಾನವನ್ನೇ ಹಿಂದಿರುಗಿಸಿದ ಪ್ರಕರಣ ದೇಶವ್ಯಾಪಿ ಆಕ್ರೋಶಕ್ಕೆ ಕಾರಣವಾಯಿತು. ಗ್ರಾಹಕರ ನಿಂದನೆಯಿಂದ ನೌಕರರನ್ನು ರಕ್ಷಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುವ ಕಾನೂನು ತಿದ್ದುಪಡಿ 2018ರ ಅಕ್ಟೋಬರ್ 18ರಂದು ಜಾರಿಗೆ ಬಂದಿತು. ಕೆಲಸದ ಸ್ಥಳದಲ್ಲಿನ ಕಿರುಕುಳವನ್ನು ನಿಷೇಧಿಸುವ ನಿಯಮ 2019ರ ಜುಲೈ 16ರಿಂದ ಜಾರಿಯಾಯಿತು. ಮಾರ್ಟ್‌ನ ನೌಕರಳಂಥ ಪಾತ್ರಗಳು ಇದೇ ಕಾಲದ ವಾಸ್ತವಕ್ಕೆ ಹತ್ತಿರವಾಗಿವೆ.

ಇದೇ ಬಗೆಯ ಇತರ ಧಾರಾವಾಹಿಗಳು

ಆಹಾರವನ್ನು ಕೇಂದ್ರವಾಗಿ ಇರಿಸಿಕೊಂಡ ಕೊರಿಯನ್ ಧಾರಾವಾಹಿಗಳಲ್ಲಿ ಅರಮನೆಯ ಅಡುಗೆಮನೆಯನ್ನು ಚಿತ್ರಿಸಿದ 54 ಕಂತುಗಳ 'ಡೇ ಜಾಂಗ್ ಗುಮ್' (2003–04) ಅತ್ಯಂತ ಪ್ರಸಿದ್ಧ. ಹುಹ್ ಯಂಗ್-ಮಾನ್ ಅವರ ಚಿತ್ರಕಥೆಯನ್ನು ಆಧರಿಸಿದ 'ಸಿಕ್‌ಗೇಕ್' 2008ರಲ್ಲಿ ಬಂದಿತು. ಕಿಮ್ಚಿ ತಯಾರಿಸುವ ಭೋಜನಾಲಯದ ಕಥೆಯಾದ 'ಕಿಮ್ಚಿ ಫ್ಯಾಮಿಲಿ' 2011–12ರಲ್ಲಿ ಜೆಟಿಬಿಸಿಯಲ್ಲೇ ಪ್ರಸಾರವಾಯಿತು. ಜಪಾನಿನ ಯಾರೋ ಆಬೆ ಅವರ ಚಿತ್ರಕಥೆಯಿಂದ ರೂಪಾಂತರಗೊಂಡ 'ಲೇಟ್ ನೈಟ್ ರೆಸ್ಟೋರೆಂಟ್' 2015ರಲ್ಲಿ ಎಸ್‌ಬಿಎಸ್ ವಾಹಿನಿಯಲ್ಲಿ ಬಂದಿತು. ರಾತ್ರಿಯ ಸಣ್ಣ ಊಟದಂಗಡಿ ಮತ್ತು ಅಲ್ಲಿನ ಗಿರಾಕಿಗಳ ಬದುಕು ಅದರಲ್ಲೂ ಇದೆ. ಆದರೆ ಅಲ್ಲಿನ ಒಡೆಯ ಬಹುಮಟ್ಟಿಗೆ ಮೌನವಾಗಿ ಕೇಳುವವನು. ಹಳೆಯ ಸಿಟ್ಟನ್ನು ಹೊತ್ತು ಶತಮಾನಗಳ ಕಾಲ ಆತ್ಮಗಳ ವಸತಿಗೃಹ ನಡೆಸುವ ಮಹಿಳೆಯ ಕಥೆಯುಳ್ಳ 'ಹೋಟೆಲ್ ಡೆಲ್ ಲೂನಾ' (2019) ಇನ್ನೊಂದು ದಿಕ್ಕಿನಿಂದ ಇದಕ್ಕೆ ಹತ್ತಿರದ್ದು. ಅಲ್ಲಿ ಅತಿಥಿಗಳು ಸತ್ತವರು. ಸಾಂಗ್‌ಗಾಪ್ ಪೋಚಾದಲ್ಲಿ ಹೆಚ್ಚಿನ ಗಿರಾಕಿಗಳು ಮರುದಿನ ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋಗಬೇಕಾದವರು.