ಬಿಸಿಲು, ಲೋಹ ಮತ್ತು ಸೂಕ್ಷ್ಮಾಣುಗಳಿಂದ ಸಾರಜನಕ: ರೈತರು ತಿಳಿದಿರಬೇಕಾದ ಸಂಗತಿಗಳು

ಯೂರಿಯಾದ ಮೂಲವಸ್ತುವಾದ ಅಮೋನಿಯಾವನ್ನು ಕಾರ್ಖಾನೆಯಲ್ಲಿ ತಯಾರಿಸಲು ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೂ ವಾತಾವರಣದ ನೂರಾರು ಪಟ್ಟು ಒತ್ತಡವೂ ಬೇಕು. ಇದೇ ಕಾರ್ಯವನ್ನು ನಿಮ್ಮ ತೊಗರಿಯ ಬೇರುಗಂಟುಗಳಲ್ಲಿ ರೈಜೋಬಿಯಂ ಸೂಕ್ಷ್ಮಾಣುಗಳು ಮಣ್ಣಿನ ಸಾಮಾನ್ಯ ಉಷ್ಣತೆಯಲ್ಲೇ ನೆರವೇರಿಸುತ್ತವೆ. ಇಂತಹ ಸೂಕ್ಷ್ಮಾಣುಗಳಿಗೆ ಲೋಹದ ಕ್ರಿಯಾವರ್ಧಕಗಳ ಮೂಲಕ ಸೌರಶಕ್ತಿಯನ್ನು ಉಣಿಸಬಹುದೇ ಎಂಬ ಸಂಶೋಧನೆಯ ಕುರಿತು ರೈತರು ಆಗಾಗ್ಗೆ ವಿಚಾರಿಸುತ್ತಿರುವುದರಿಂದ ಈ ವಿವರಣೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ನೊಸೆರಾ ಮತ್ತು ಪಮೇಲಾ ಸಿಲ್ವರ್ ಅವರ ತಂಡಗಳು ಈ ದಿಸೆಯಲ್ಲಿ ಕೆಲಸ ಮಾಡಿವೆ. ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಹೊರಬರುವ ಜಲಜನಕವನ್ನು ಅದೇ ಪಾತ್ರೆಯಲ್ಲಿರುವ ಸೂಕ್ಷ್ಮಾಣುಗಳಿಗೆ ಆಹಾರವಾಗಿ ಒದಗಿಸುವುದು ಇದರ ತತ್ತ್ವ. ಆ ವಿದ್ಯುತ್ತನ್ನು ಸೌರಫಲಕದಿಂದ ಪಡೆಯಬಹುದು. ಮೊದಲು ಬಳಸಿದ ನಿಕ್ಕಲ್ ಮಿಶ್ರಲೋಹದ ವಿದ್ಯುದ್ವಾರವು ಸೂಕ್ಷ್ಮಾಣುಗಳಿಗೆ ಮಾರಕವಾದ ಆಮ್ಲಜನಕ ಸಂಯುಕ್ತಗಳನ್ನು ಉಂಟುಮಾಡುತ್ತಿತ್ತು. 2016ರಲ್ಲಿ ಕೋಬಾಲ್ಟ್-ರಂಜಕ ಮಿಶ್ರಲೋಹವನ್ನು ಬಳಸಿದಾಗ ಈ ತೊಡಕು ನಿವಾರಣೆಯಾಯಿತು.

2017ರಲ್ಲಿ ಕ್ಸಾಂತೊಬ್ಯಾಕ್ಟರ್ ಎಂಬ ಸಾರಜನಕ ಸ್ಥಿರೀಕರಿಸುವ ಸೂಕ್ಷ್ಮಾಣುವನ್ನು ಇದೇ ವಿಧಾನದಲ್ಲಿ ಬೆಳೆಸಲಾಯಿತು. ಕೃಷಿಯ ದೃಷ್ಟಿಯಿಂದ ನನಗೆ ಮಹತ್ವದ್ದೆನಿಸುವ ಅಂಶವೆಂದರೆ, ಇದು ಜಲಜನಕ ಹಾಗೂ ಇಂಗಾಲದ ಡೈಆಕ್ಸೈಡ್ ಬಳಸಿ ತನ್ನ ಕೋಶದೊಳಗೆ ಒಂದು ಬಗೆಯ ಜೈವಿಕ ಪ್ಲಾಸ್ಟಿಕ್ಕನ್ನು ಶೇಖರಿಸಿಕೊಳ್ಳುತ್ತದೆ. ಮಣ್ಣಿಗೆ ಸೇರಿದ ಬಳಿಕ ಈ ದಾಸ್ತಾನೇ ಅದಕ್ಕೆ ಬುತ್ತಿ. ರೈಜೋಬಿಯಂಗೆ ಗಿಡವೇ ಆಹಾರ ನೀಡುತ್ತದೆ. ಅಜಟೋಬ್ಯಾಕ್ಟರ್‌ಗೆ ಮಣ್ಣಿನ ಸಾವಯವ ಇಂಗಾಲವೇ ಆಧಾರ. ಸಾವಯವ ಇಂಗಾಲ ಕಡಿಮೆಯಿರುವ ನಮ್ಮ ಒಣಭೂಮಿಗಳಲ್ಲಿ ಅದು ಸೊರಗುವುದು ಈ ಕಾರಣದಿಂದಲೇ.

ಮೂಲಂಗಿಯ ಮೇಲೆ ನಡೆದ ಪ್ರಯೋಗದಲ್ಲಿ ಇಳುವರಿ ಹೆಚ್ಚಿತು. ಆದರೆ ಹೋಲಿಕೆ ಗೊಬ್ಬರ ಕೊಡದ ಗಿಡಗಳೊಡನೆ ಎಂಬುದನ್ನು ಮರೆಯಬಾರದು. ಬರ್ಕ್ಲಿಯ ಪೀಡಾಂಗ್ ಯಾಂಗ್ ಅವರ ತಂಡ ಮತ್ತೊಂದು ಸೂಕ್ಷ್ಮಾಣುವಿನ ಮೈಮೇಲೆ ಕ್ಯಾಡ್ಮಿಯಂ ಸಲ್ಫೈಡ್ ಕಣಗಳನ್ನು ಬೆಳೆಸಿ, ಬೆಳಕಿನಿಂದ ಅಸಿಟಿಕ್ ಆಮ್ಲ ಪಡೆದಿದೆ. ಕ್ಯಾಡ್ಮಿಯಂ ವಿಷಕಾರಿ ಭಾರಲೋಹ. ಅಂತಹ ವಸ್ತುವಿನ ಸ್ಥಳ ಪ್ರಯೋಗಾಲಯವೇ ಹೊರತು ಹೊಲವಲ್ಲ.

ಈ ತಂತ್ರಜ್ಞಾನದ ಯಾವ ಉತ್ಪನ್ನವೂ ನಮ್ಮ ಬೇಸಾಯ ಕ್ರಮಗಳ ಶಿಫಾರಸಿನಲ್ಲಿಲ್ಲ. ಇದರ ಹೆಸರು ಹೇಳಿ ಯಾರಾದರೂ ಗೊಬ್ಬರ ಮಾರಲು ಬಂದರೆ ಕೊಳ್ಳಬೇಡಿ. ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿ. ಜೈವಿಕ ಗೊಬ್ಬರ ಕೊಳ್ಳುವಾಗ ಪೊಟ್ಟಣದ ಮೇಲೆ ಸೂಕ್ಷ್ಮಾಣುವಿನ ಹೆಸರು, ಬೆಳೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ನೋಡಿ. ರಸಗೊಬ್ಬರ ನಿಯಂತ್ರಣ ಆದೇಶದನ್ವಯ ಪುಡಿರೂಪದ ರೈಜೋಬಿಯಂನ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ರೈಜೋಬಿಯಂ ಅನ್ನು ಬೆಲ್ಲದ ದ್ರಾವಣದೊಡನೆ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಆರಿಸಿ, ಅದೇ ದಿನ ಬಿತ್ತಿರಿ. ಅಜಟೋಬ್ಯಾಕ್ಟರನ್ನು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ತೇವವಿರುವ ಮಣ್ಣಿಗೆ ಕೊಡಿ. ಅದರ ಬುತ್ತಿಯನ್ನು ಸದ್ಯಕ್ಕೆ ನಾವೇ ಕಟ್ಟಿಕೊಡಬೇಕು.