ಬಸುರಿಯೂ ಬಿಸಿಲು ದೇಶವೂ

ಐದು ತಿಂಗಳ ಬಸುರಿ ಜೂನ್‌ನಲ್ಲಿ ದುಬೈಗೆ ಹೋಗಬಹುದಾ? ಮ್ಯಾಂಚೆಸ್ಟರ್‌ನಲ್ಲಿರೋ ಸೊಸೆ ಕುಬಸಕ್ಕೆ ಅಂತ ಮೇ ತಿಂಗಳ ಬಿಸಿಲಲ್ಲಿ ಬೆಳಗಾವಿಗೆ ಬರಬಹುದಾ? ವಡಗಾವಿಯ ಓಣಿಗಳಲ್ಲಿ ಈಗ ಈ ಚರ್ಚೆ ಮಾಮೂಲು. ಮಗ್ಗದ ಮನೆಯ ಹುಡುಗ ಹುಡುಗಿಯರು ಇಂಜಿನಿಯರಿಂಗ್ ಮುಗಿಸಿ ಪುಣೆ, ಬೆಂಗಳೂರು ದಾಟಿ ಇನ್ನೂ ಮುಂದಕ್ಕೆ ಹೋಗಿದ್ದಾರೆ. ಪ್ರಶ್ನೆ ಬಂತು ಅಂದ್ರೆ ಅತ್ತೆ ಒಂದು ಹೇಳ್ತಾರೆ, ತವರಿನವರು ಇನ್ನೊಂದು, ಡಾಕ್ಟರ್ ಮತ್ತೊಂದು, ಗೂಗಲ್ ಎಲ್ಲವನ್ನೂ ಹೇಳಿ ಹೆದರಿಸ್ತದೆ.

ತಮಾಷೆ ಏನಂದ್ರೆ, ಈ ಪ್ರಶ್ನೆ ಇನ್ನೂರು ವರ್ಷ ಹಳೆಯದು. ಆಗ ಕೇಳ್ತಿದ್ದವರು ಬೇರೆಯವರು, ಮತ್ತು ಅವರು ಹೆದರುತ್ತಿದ್ದ ಬಿಸಿಲು ದೇಶ ನಮ್ಮದೇ.

1818ರಲ್ಲಿ ಥಾಮಸ್ ಮನ್ರೋ ಬೆಳಗಾವಿ ಕೋಟೆ ಗೆದ್ದ ಮೇಲೆ ಇಲ್ಲಿ ಬ್ರಿಟಿಷರ ದಂಡು ನೆಲೆಯಾಯ್ತು. ನಾವು ಇವತ್ತಿಗೂ ‘ಕ್ಯಾಂಪ್’ ಅಂತ ಕರೆಯೋದು ಅದನ್ನೇ. ದಂಡಿನ ಹಿಂದೆ ಅಧಿಕಾರಿಗಳ ಹೆಂಡಂದಿರು ಬಂದರು. ಬಂದದ್ದು ಅಂದ್ರೆ ಸುಮ್ನೆ ಅಲ್ಲ. ಹಡಗು ಆಫ್ರಿಕಾ ಸುತ್ತಿ ಮುಂಬೈ ಸೇರೋಕೆ ನಾಲ್ಕೈದು ತಿಂಗಳು. ಅಲ್ಲಿಂದ ಕರಾವಳಿಯ ದೋಣಿಯಲ್ಲಿ ವೆಂಗುರ್ಲಾ, ಅಲ್ಲಿಂದ ಎತ್ತಿನ ಗಾಡಿ ಇಲ್ಲವೇ ಮೇಣೆಯಲ್ಲಿ ಘಟ್ಟ ಹತ್ತಿ ಬೆಳಗಾವಿ. ಮೂರು ತಿಂಗಳ ಬಸುರಿ ಇಂಗ್ಲೆಂಡಿನಲ್ಲಿ ಹಡಗು ಹತ್ತಿದರೆ ಮುಂಬೈಯಲ್ಲಿ ಇಳಿಯುವ ಹೊತ್ತಿಗೆ ಎಂಟು ತುಂಬಿರ್ತಿತ್ತು. 1869ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಉಗಿ ಹಡಗಿನ ಪ್ರಯಾಣ ವಾರಗಳ ಲೆಕ್ಕಕ್ಕೆ ಇಳೀತು. ಕ್ಯಾಂಪಿನ ಸೇಂಟ್ ಮೇರೀಸ್ ಚರ್ಚು ಪೂರ್ತಿಯಾದದ್ದೂ ಅದೇ ವರ್ಷ. ಹಡಗು ಬೇಗ ಬಂದ ಹಾಗೆಲ್ಲ ಹೆಂಗಸರು ಹೆಚ್ಚು ಬಂದರು, ಪ್ರಶ್ನೆಯೂ ಹೆಚ್ಚಾಯ್ತು: ಈ ಸೆಕೆಯಲ್ಲಿ ಹೆರಬಹುದಾ?

ಆಗಿನ ವೈದ್ಯರ ಉತ್ತರ ಬಹುಮಟ್ಟಿಗೆ ಒಂದೇ. ಬಿಸಿಲೇ ರೋಗ. ಬಿಸಿಲು ರಕ್ತವನ್ನು ಕೆಡಿಸ್ತದೆ, ಗರ್ಭಕೋಶವನ್ನು ಕೆರಳಿಸ್ತದೆ, ಮಕ್ಕಳನ್ನು ಬಾಡಿಸ್ತದೆ. ಎಡ್ವರ್ಡ್ ಜಾನ್ ಟಿಲ್ಟ್ ಅನ್ನೋ ಲಂಡನ್ನಿನ ಸ್ತ್ರೀರೋಗ ವೈದ್ಯ 1875ರಲ್ಲಿ, ಭಾರತದಲ್ಲಿರುವ ಬ್ರಿಟಿಷ್ ಹೆಂಗಸರ ಆರೋಗ್ಯದ ಬಗ್ಗೆಯೇ ಒಂದು ಪುಸ್ತಕ ಬರೆದ. ತಂಪು ಜಾಗಕ್ಕೆ ಹೋಗಿ ಅನ್ನೋದು ಆ ಕಾಲದ ಸಾಮಾನ್ಯ ಸಲಹೆ. ಹಾಗಾಗಿ ಊಟಿ, ಸಿಮ್ಲಾ, ಮಹಾಬಳೇಶ್ವರ. ಅಲ್ಲಿಗೆ ಹೋಗೋಕೆ ಆಗದವರಿಗೆ, ಸುಮಾರು 750 ಮೀಟರ್ ಎತ್ತರದಲ್ಲಿರೋ, ಪಡುವಣ ಗಾಳಿ ಬೀಸೋ ನಮ್ಮ ಬೆಳಗಾವಿಯೂ ಪರವಾಗಿಲ್ಲ ಅನ್ನಿಸ್ತಿತ್ತು.

ನಗೋಕೆ ಮುಂಚೆ ಒಂದು ಮಾತು. ನಮ್ಮ ಅಜ್ಜಿಯರ ಲೆಕ್ಕವೂ ಬೇರೆ ಏನಲ್ಲ. ಬಸುರಿ ಅಂದ್ರೆ ಉಷ್ಣ, ಆದ್ದರಿಂದ ಪಪ್ಪಾಯಿ ಬೇಡ, ಎಳ್ಳು ಬೇಡ. ಹೆತ್ತ ಮೇಲೆ ಮೈ ಥಂಡಿ, ಆದ್ದರಿಂದ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿವಿಗೆ ಅರಳೆ, ತಲೆಗೆ ಸ್ಕಾರ್ಫು, ತಿನ್ನೋಕೆ ಅಂಟಿನ ಉಂಡಿ ಮತ್ತು ಅಳವಿ ಪಾಯಸ. ಮೇ ತಿಂಗಳಲ್ಲೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಾಣಂತಿ ಬೆವರುತ್ತಾ ಕೂತಿರೋದನ್ನು ವಡಗಾವಿಯಲ್ಲಿ ಯಾರು ನೋಡಿಲ್ಲ? ಅಂಟಿನ ಉಂಡಿ ಬಗ್ಗೆ ನನ್ನ ತಕರಾರಿಲ್ಲ. ಮುಚ್ಚಿದ ಕಿಟಕಿಯ ಬಗ್ಗೆ ಇದೆ.

ಬಿಸಿಲೇ ರೋಗ ಅನ್ನೋ ಸಿದ್ಧಾಂತದ ದೊಡ್ಡ ತೊಂದರೆ ಅಂದ್ರೆ, ತಂಪು ದೇಶಗಳಲ್ಲೂ ಬಾಣಂತಿಯರು ಸಾಯ್ತಿದ್ದರು. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗ. ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳೋ ವಿಭಾಗದಲ್ಲಿ ನೂರಕ್ಕೆ ಹತ್ತರಷ್ಟು ತಾಯಂದಿರು ಬಾಣಂತಿ ಜ್ವರಕ್ಕೆ ಸಾಯೋರು. ಸೂಲಗಿತ್ತಿಯರು ನೋಡಿಕೊಳ್ಳೋ ವಿಭಾಗದಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಒಂದೇ ಊರು, ಒಂದೇ ಹವೆ. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸ್ತಿದ್ದೀರಿ, ಕೈ ತೊಳೀರಿ ಅಂತ ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿ ಹೇಳಿದ. ಕೈ ತೊಳೆದ ಮೇಲೆ ಸಾವು ನೂರಕ್ಕೆ ಒಂದೆರಡಕ್ಕೆ ಇಳೀತು. ಅವನ ಮಾತನ್ನು ಒಪ್ಪೋಕೆ ಯುರೋಪಿಗೆ ಇನ್ನೂ ಹಲವು ದಶಕ ಬೇಕಾಯ್ತು, ಅದು ಬೇರೆ ಕಥೆ.

ಇನ್ನೊಂದು ಪುರಾವೆ ನಮ್ಮ ಜಿಲ್ಲೆಯೊಳಗೇ ಇದೆ. ಬೆಳಗಾವಿ ಜಿಲ್ಲೆಯಲ್ಲಿ ಬಿಸಿಲು ಯಾವ ಕಡೆ? ಪೂರ್ವಕ್ಕೆ: ಅಥಣಿ, ರಾಮದುರ್ಗ, ಸವದತ್ತಿ. ತಂಪು ಯಾವ ಕಡೆ? ಪಶ್ಚಿಮಕ್ಕೆ: ಖಾನಾಪುರ, ಜಾಂಬೋಟಿ, ಮಲಪ್ರಭೆ ಹುಟ್ಟೋ ಕಣಕುಂಬಿ. ಬಿಸಿಲೇ ಶತ್ರು ಆಗಿದ್ದರೆ ಬಸುರಿಗೆ ಖಾನಾಪುರದಂಥ ಜಾಗವೇ ಇಲ್ಲ. ಆದರೆ ಖಾನಾಪುರದಿಂದ ಉತ್ತರ ಕನ್ನಡದವರೆಗಿನ ಆ ಹಸಿರು ಮಲೆನಾಡೇ ಚಳಿಜ್ವರದ ಸೀಮೆ ಅಂತ ಹೆಸರಾಗಿತ್ತು. ಮಲೇರಿಯಾ ಬಸುರಿಗೆ ಬಂದರೆ ಎರಡು ಪಟ್ಟು ಅಪಾಯ. ಪರೋಪಜೀವಿ ಮಾಸಿನಲ್ಲೇ ಅಡಗಿ ಕೂರ್ತದೆ. ತಾಯಿಗೆ ರಕ್ತ ಕಡಿಮೆ ಆಗ್ತದೆ, ಕೂಸಿನ ತೂಕ ಇಳೀತದೆ, ಕೆಲವು ಸಲ ಗರ್ಭವೇ ನಿಲ್ಲೋದಿಲ್ಲ.

ಜ್ವರ ಕೆಟ್ಟ ಗಾಳಿಯಿಂದಲ್ಲ, ಸೊಳ್ಳೆಯಿಂದ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡಿದ್ದು 1897ರ ಆಗಸ್ಟಿನಲ್ಲಿ. ಈ ರಾಸ್ ಹುಟ್ಟಿದ್ದು 1857ರಲ್ಲಿ ಅಲ್ಮೋರಾದಲ್ಲಿ. ಅಂದ್ರೆ ‘ಬಿಸಿಲು ದೇಶದಲ್ಲಿ ಹೆರಬಾರದು’ ಅನ್ನೋ ಕಾಲದಲ್ಲಿ ಭಾರತದಲ್ಲೇ ಹೆತ್ತ ಒಬ್ಬ ದಂಡಿನ ಅಧಿಕಾರಿಯ ಹೆಂಡತಿಯ ಮಗ. ಸೊಳ್ಳೆ ಗೊತ್ತಾದ ಮೇಲೂ ನಮ್ಮ ಕಡೆ ಬದಲಾವಣೆ ಬರೋಕೆ ಅರ್ಧ ಶತಮಾನ ಹಿಡೀತು. 1946ರಲ್ಲಿ ಮುಂಬೈ ಪ್ರಾಂತದ ಮಲೇರಿಯಾ ವಿಭಾಗ ಡಾ. ಡಿ.ಕೆ. ವಿಶ್ವನಾಥನ್ ಮುಂದಾಳತ್ವದಲ್ಲಿ ಪಕ್ಕದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆ ಮನೆಗೆ ಡಿಡಿಟಿ ಹೊಡೆಯೋಕೆ ಶುರು ಮಾಡ್ತು. ಅದರ ಯಶಸ್ಸು ನೋಡಿದ ಮೇಲೆ 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಬಂತು. ಡಿಡಿಟಿಯ ಪಾಪಗಳ ಪಟ್ಟಿ ಉದ್ದ ಇದೆ, ಒಪ್ತೀನಿ. ಆದರೆ ಮಲೆನಾಡಿನ ಬಸುರಿಯರ ಪಾಲಿಗೆ ಅದು ಏನು ಮಾಡ್ತು ಅನ್ನೋದನ್ನು ಮರೆತು ಆ ಪಟ್ಟಿ ಓದೋದು ಸರಿಯಲ್ಲ.

ನೇಕಾರರ ಊರಿನವನಾಗಿ ನನಗೆ ಇದಕ್ಕಿಂತ ಹತ್ತಿರದ್ದು ಲೂಸಿ ವಿಲ್ಸ್ ಕಥೆ. 1920ರ ದಶಕದಲ್ಲಿ ಮುಂಬೈಯ ಬಟ್ಟೆ ಗಿರಣಿಗಳಲ್ಲಿ ಕೆಲಸ ಮಾಡೋ ಬಸುರಿ ಹೆಂಗಸರು ವಿಚಿತ್ರ ರಕ್ತಹೀನತೆಯಿಂದ ಬಿಳಿಚಿಕೊಂಡು ಸಾಯ್ತಿದ್ದರು. ಮಾರ್ಗರೆಟ್ ಬಾಲ್ಫರ್ ಅನ್ನೋ ವೈದ್ಯೆ ಇದರ ಬೆನ್ನು ಹತ್ತಿದ್ದರು. ಅವರ ಕರೆಯ ಮೇಲೆ 1928ರಲ್ಲಿ ಇಂಗ್ಲೆಂಡಿನಿಂದ ಲೂಸಿ ವಿಲ್ಸ್ ಬಂದರು. ಆ ರೋಗಕ್ಕೆ ಇದ್ದ ಹೆಸರುಗಳಲ್ಲಿ ಒಂದು ‘ಉಷ್ಣವಲಯದ ರಕ್ತಹೀನತೆ’. ಹೆಸರಲ್ಲೇ ತೀರ್ಪು ಬಂದುಬಿಟ್ಟಿದೆ ನೋಡಿ: ತಪ್ಪು ಹವೆಯದ್ದು. ವಿಲ್ಸ್ ಹವೆ ಬಿಟ್ಟು ತಟ್ಟೆ ನೋಡಿದರು. ಈ ಹೆಂಗಸರು ಏನು ತಿಂತಾರೆ, ಏನು ತಿನ್ನಲ್ಲ ಅಂತ. ಮೊದಲು ಇಲಿ, ಮಂಗಗಳ ಮೇಲೆ ಪ್ರಯೋಗ ಮಾಡಿದರು. ಆಮೇಲೆ ರೋಗಿಗಳಿಗೆ ಮಾರ್ಮೈಟ್ ಕೊಟ್ಟರು. ಹೌದು, ಬ್ರಿಟಿಷರು ಬ್ರೆಡ್ಡಿಗೆ ಹಚ್ಚಿಕೊಳ್ಳೋ ಆ ಕಪ್ಪು, ಉಪ್ಪುಪ್ಪು ಯೀಸ್ಟ್ ಸಾರ. ಬಿಳಿಚಿಕೊಂಡಿದ್ದವರು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮಾರ್ಮೈಟಿನೊಳಗೆ ಇದ್ದದ್ದು ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದ ಮೇಲೆ ಅದಕ್ಕೆ ಫೋಲಿಕ್ ಆಸಿಡ್ ಅಂತ ಹೆಸರು ಬಿತ್ತು. ಇವತ್ತು ದುಬೈಯ ಬಸುರಿಯೂ ವಡಗಾವಿಯ ಬಸುರಿಯೂ ನುಂಗೋ ಆ ಪುಟ್ಟ ಗುಳಿಗೆಯ ಮೂಲ ಮುಂಬೈ ಗಿರಣಿಯ ಹೆಣ್ಣಾಳುಗಳ ರಕ್ತ ಪರೀಕ್ಷೆಯಲ್ಲಿದೆ.

ಹೀಗೆ ಬಿಸಿಲಿನ ಮೇಲಿದ್ದ ಆರೋಪಗಳು ಒಂದೊಂದಾಗಿ ಬಿದ್ದವು. ಒಂದು ಕೊಳಕು ಕೈಯದ್ದು, ಒಂದು ಸೊಳ್ಳೆಯದ್ದು, ಒಂದು ಹಸಿವಿನದ್ದು. ಉಳಿದದ್ದೇನು?

ಒಂದು, ಬಿಸಿಲು ಔಷಧವನ್ನು ಕೆಡಿಸ್ತದೆ. ಹೆರಿಗೆ ಆದ ಮೇಲೆ ಅತಿಯಾಗಿ ರಕ್ತ ಹೋಗೋದು ತಾಯಂದಿರ ಸಾವಿಗೆ ಬಹು ದೊಡ್ಡ ಕಾರಣ. ಅದನ್ನು ತಡೆಯೋಕೆ ಆಕ್ಸಿಟೋಸಿನ್ ಚುಚ್ಚುಮದ್ದು ಇದೆ. ಆದರೆ ಅದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹಳ್ಳಿಯಲ್ಲಿ ಕರೆಂಟು ಹೋದರೆ ಫ್ರಿಜ್ಜೂ ಇಲ್ಲ, ಔಷಧದ ಶಕ್ತಿಯೂ ಇಲ್ಲ. ಈ ಸಮಸ್ಯೆಗೆ ಒಂದು ಉತ್ತರ ಸಿಕ್ಕಿದ್ದು ಬೆಳಗಾವಿಯಲ್ಲೇ ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಕೆಎಲ್‌ಇಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಕೊಡ್ಕಣಿ, ಡಾ. ಗೌಡರ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆಂಗಸರ ಮೇಲೆ ಅಧ್ಯಯನ ನಡೆಸಿದರು. ಹೆರಿಗೆ ಮಾಡಿಸಿದ್ದು ಡಾಕ್ಟರಲ್ಲ, ಎಎನ್‌ಎಂ ಅಕ್ಕಂದಿರು. ಕೊಟ್ಟದ್ದು ಮಿಸೊಪ್ರೊಸ್ಟಾಲ್ ಗುಳಿಗೆ, ಅದಕ್ಕೆ ಫ್ರಿಜ್ ಬೇಡ, ಸೂಜಿ ಬೇಡ. ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳೀತು. 2006ರಲ್ಲಿ ಇದು ಲ್ಯಾನ್ಸೆಟ್‌ನಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆಂದು ಗುಳಿಗೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸ್ತು. ಆ ಅಧ್ಯಯನದಲ್ಲಿ ಅರ್ಧದಷ್ಟು ಹೆಂಗಸರಿಗೆ ಔಷಧವಿಲ್ಲದ ಗುಳಿಗೆ ಕೊಟ್ಟಿದ್ದರು ಅನ್ನೋದನ್ನು ಓದುವಾಗ ಕಸಿವಿಸಿ ಆಗ್ತದೆ, ಅದನ್ನೂ ಹೇಳಿಬಿಡಬೇಕು. 2018ರಲ್ಲಿ ಬಿಸಿಲಿಗೆ ಕೆಡದ ಕಾರ್ಬೆಟೋಸಿನ್ ಬಗ್ಗೆ ಹತ್ತು ದೇಶಗಳ ಸುಮಾರು 30 ಸಾವಿರ ತಾಯಂದಿರ ಅಧ್ಯಯನ ಬಂತು. ಅದರಲ್ಲೂ ಬೆಳಗಾವಿಯವರ ಕೈ ಇತ್ತು.

ಇನ್ನೊಂದು, ಈಚೆಗೆ ಆರೋಪ ತಿರುಗಿ ಬಂದಿದೆ. ಈ ಸಲ ಊಹೆಯಲ್ಲ, ಲೆಕ್ಕ. 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದವರು ಕಂಡದ್ದು ಇದು: ತಾಪ ಒಂದು ಡಿಗ್ರಿ ಏರಿದರೆ ಅವಧಿಗೆ ಮುಂಚೆ ಹೆರಿಗೆಯಾಗುವ ಸಂಭವ ಸುಮಾರು ಶೇ. 5 ಹೆಚ್ಚು, ಬಿಸಿಗಾಳಿಯ ದಿನಗಳಲ್ಲಿ ಶೇ. 16 ಹೆಚ್ಚು. ಒಬ್ಬಳಿಗೆ ಇದು ಸಣ್ಣ ಏರಿಕೆ, ಹೆದರಿ ಟಿಕೆಟ್ ಕ್ಯಾನ್ಸಲ್ ಮಾಡುವಷ್ಟಲ್ಲ. ಇಡೀ ದೇಶಕ್ಕೆ ಸಣ್ಣದಲ್ಲ.

ಸೊಳ್ಳೆಯೂ ಪೂರ್ತಿ ಹೋಗಿಲ್ಲ. 2016ರ ಫೆಬ್ರವರಿಯಲ್ಲಿ ಜೀಕಾ ಕಾರಣಕ್ಕೆ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಸ್ಥಿತಿ ಘೋಷಿಸಿದಾಗ ಅದು ಬ್ರೆಜಿಲ್ ಸಂಗತಿ ಅಂದುಕೊಂಡಿದ್ದೆವು. 2022ರ ಡಿಸೆಂಬರಿನಲ್ಲಿ ರಾಯಚೂರು ಜಿಲ್ಲೆಗೆ ಬಂತು, 2024ರಲ್ಲಿ ಪುಣೆಯ ಬಸುರಿಯರಲ್ಲೇ ಕಾಣಿಸ್ತು. ಪುಣೆ ನಮಗೆ ಒಂದು ರಾತ್ರಿಯ ಬಸ್ಸು.

ಹಾಗಾದ್ರೆ ಹೋಗಬಹುದಾ? ತೊಡಕಿಲ್ಲದ ಬಸಿರಿಗೆ ನಾಲ್ಕರಿಂದ ಆರು ತಿಂಗಳ ನಡುವೆ ಪ್ರಯಾಣ ಒಳ್ಳೇದು ಅಂತಾರೆ ವೈದ್ಯರು. ಸಾಮಾನ್ಯವಾಗಿ 28 ವಾರ ದಾಟಿದರೆ ವಿಮಾನದವರು ಪತ್ರ ಕೇಳ್ತಾರೆ, 36 ದಾಟಿದರೆ ಹತ್ತಿಸಿಕೊಳ್ಳೋದಿಲ್ಲ. ನಾನು ನಾಲ್ಕನೇ ಪ್ರಶ್ನೆಯೊಂದನ್ನು ಸೇರಿಸ್ತೀನಿ: ಇಳಿದ ಜಾಗದಿಂದ ಹೆರಿಗೆ ಆಸ್ಪತ್ರೆ ಎಷ್ಟು ದೂರ? ದುಬೈಯ ಹನ್ನೆರಡನೇ ಮಹಡಿಯಿಂದ ಅರ್ಧ ಗಂಟೆ ಇರಬಹುದು. ಭೀಮಗಡ ಕಾಡಿನೊಳಗಿರುವ ಆಮಗಾಂವ, ಗವಾಳಿಯಂಥ ಖಾನಾಪುರದ ಹಳ್ಳಿಗಳಿಂದ ಮಳೆಗಾಲದಲ್ಲಿ ರೋಗಿಗಳನ್ನು ಕಟ್ಟಿಗೆಗೆ ಬಟ್ಟೆ ಕಟ್ಟಿ ಹೆಗಲ ಮೇಲೆ ಹೊತ್ತು ತರಬೇಕು. ಅಲ್ಲಿ ಬಿಸಿಲೇನೂ ಇರೋದಿಲ್ಲ.

ಬಿಸಿಲು ಇರೋದು ಎಲ್ಲಿ ಅಂದ್ರೆ, ತಗಡಿನ ಸೂರಿನ ಕೆಳಗೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ದುಡಿಸೋ ಹಾಗಿಲ್ಲ. ಎಸಿಯಲ್ಲಿ ಕೂತ ನಮ್ಮ ಇಂಜಿನಿಯರ್ ಹುಡುಗಿಗೆ ಆ ನಿಯಮವೂ ಬೇಕಾಗಲ್ಲ. ತಮಿಳುನಾಡಿನಲ್ಲಿ ವಿದ್ಯಾ ವೇಣುಗೋಪಾಲ್ ತಂಡ ದುಡಿಯುವ 800 ಬಸುರಿಯರನ್ನು ಹಿಂಬಾಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಲ್ಲಿ ದುಡಿಯೋರಿಗೆ ಗರ್ಭಪಾತದ ಅಪಾಯ ಇಮ್ಮಡಿ. ವಡಗಾವಿ, ಶಹಾಪುರ, ಖಾಸಬಾಗದಲ್ಲಿ ಪವರ್‌ಲೂಮ್ ಇರೋದು ಮನೆಯೊಳಗೇ, ಇಲ್ಲವೇ ಮನೆಗೆ ಅಂಟಿದ ಶೆಡ್ಡಿನಲ್ಲಿ. ಎಳೆ ಹಾರಬಾರದು ಅಂತ ಎಷ್ಟೋ ಕಡೆ ಫ್ಯಾನೂ ಹಾಕಲ್ಲ. ಕಂಡಿಕೆ ಸುತ್ತೋದು, ಹರಿದ ಎಳೆ ಕಟ್ಟೋದು ಬಹಳ ಮನೆಗಳಲ್ಲಿ ಹೆಂಗಸರ ಪಾಲಿನ ಕೆಲಸ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು ರಜೆ 26 ವಾರಕ್ಕೆ ಏರಿತು. ಆದರೆ ಅಂಗಡಿಯೋ ಸಂಸ್ಥೆಯೋ ಆಗಿದ್ದರೆ ಅಲ್ಲಿ ಕನಿಷ್ಠ ಹತ್ತು ಜನ ಕೆಲಸಕ್ಕಿರಬೇಕು. ಮನೆಯಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡವರು ಆ ಲೆಕ್ಕಕ್ಕೆ ಬರೋದಿಲ್ಲ.