ಬಯಲ ಪಾಠದ ತೊಂಬತ್ತು ವರ್ಷ

ಕಳೆದ ಬೇಸಿಗೆಯಲ್ಲಿ ಹಿರೀಸಾವೆ ಹತ್ತಿರದ ಒಂದು ತೆಂಗಿನ ತೋಟಕ್ಕೆ ಬೆಂಗಳೂರಿನಿಂದ ಹತ್ತು ಹನ್ನೆರಡು ಮಕ್ಕಳು ಬಂದಿಳಿದರು. ಒಬ್ಬರೂ ಶಾಲೆಗೆ ಹೋಗುವವರಲ್ಲ, ಮನೆಯಲ್ಲೇ ಕಲಿಯುವವರು. ಕೊರಳಲ್ಲಿ ದುರ್ಬೀನು, ಬಗಲಲ್ಲಿ ಗೆರೆಯಿಲ್ಲದ ನೋಟ್‌ಬುಕ್ಕು. ಮೂವತ್ತು ವರ್ಷ ಮಕ್ಕಳನ್ನು ಕೆರೆ ಏರಿ ಸುತ್ತಿಸಿದವನೆಂದು ನನಗೂ ಕರೆ ಬಂದಿತ್ತು. ಹೋದವನ ಕೈಗೆ ಒಂದು ಕರಪತ್ರ ಕೊಟ್ಟರು. ಬಯಲಲ್ಲಿ ಕಲಿಸುವ ಈ ವಿಧಾನ ಇಂಗ್ಲೆಂಡಿನ ಷಾರ್ಲೆಟ್ ಮೇಸನ್ ಅವರದು, ಡೆನ್ಮಾರ್ಕಿನ ಕಾಡಿನ ಶಿಶುವಿಹಾರದ್ದು, ಕನ್ನಡ ನಾಡಿಗೆ ಈಗಷ್ಟೇ ಕಾಲಿಡುತ್ತಿದೆ ಎಂದು ಅದರಲ್ಲಿತ್ತು. ಮಕ್ಕಳು ಚೂಟಿಯಾಗಿದ್ದರು, ಅವರ ಮೇಲೆ ನನ್ನದೇನೂ ತಕರಾರಿಲ್ಲ. ತಕರಾರು ಕರಪತ್ರದ ಮೇಲೆ.

ಮೇಸನ್ ದೊಡ್ಡ ಶಿಕ್ಷಕಿಯೇ, ಅನುಮಾನವಿಲ್ಲ. ಚಿಕ್ಕ ಮಕ್ಕಳನ್ನು ದಿನದ ಬಹುಪಾಲು ಮನೆಯಾಚೆ ಬಿಡಿ, ಕಂಡದ್ದನ್ನು ಅವರೇ ಬರೆದಿಡಲಿ ಎಂದು 1886ರ ಹೊತ್ತಿಗೇ ಹೇಳಿದಾಕೆ. ಆದರೆ ಆಕೆಯ ಮಾತು ನಮ್ಮೂರಿಗೆ ತಲುಪುವ ಮೊದಲು ಇಲ್ಲಿ ಏನೂ ಇರಲಿಲ್ಲ ಎನ್ನುವುದು ತಪ್ಪು. ಹೋಮ್‌ಸ್ಕೂಲಿಂಗ್‌ಗೆ ಕನ್ನಡದಲ್ಲಿ ಇನ್ನೂ ಎಲ್ಲರೂ ಒಪ್ಪಿದ ಪದವಿಲ್ಲ. ‘ಮನೆಪಾಠ’ ಅಂದರೆ ನಮ್ಮಲ್ಲಿ ಸಂಜೆ ಟ್ಯೂಷನ್ನು. ಪದವಿಲ್ಲದ ಮಾತ್ರಕ್ಕೆ ಸಂಗತಿಯೂ ಇರಲಿಲ್ಲವೆಂದು ತಿಳಿದವರು ಬರೆದ ಕರಪತ್ರ ಅದು.

ಹಳೆಯದನ್ನು ಬೇಗ ಮುಗಿಸುತ್ತೇನೆ. ಕೂಲಿಮಠದ ಮಕ್ಕಳು ಮರಳ ಮೇಲೆ ಅಕ್ಷರ ತಿದ್ದಿದರು, ಆದರೆ ಮರಳನ್ನು ನೋಡಿದರೆಂದು ಹೇಳಲಾರೆ. 1901ರಲ್ಲಿ ಟಾಗೋರರು ಶಾಂತಿನಿಕೇತನದಲ್ಲಿ ಮರದಡಿ ಪಾಠ ಹೂಡಿದರು. 1937ರ ವಾರ್ಧಾ ಸಮ್ಮೇಳನದಿಂದ ಹೊರಟ, ಕೈಕಸುಬಿನ ಮೂಲಕ ಕಲಿಸುವ ಗಾಂಧೀಜಿಯ ನಯೀ ತಾಲೀಮು ನಮ್ಮ ಸೀಮೆಗೂ ಬಂತು. ಅದರಲ್ಲಿ ನೂಲಿಗೆ ಸಿಕ್ಕ ಮರ್ಯಾದೆ ಹುಲ್ಲಿಗೆ ಸಿಗಲಿಲ್ಲ. ಇತ್ತ ಮಲೆನಾಡಿನಲ್ಲಿ, ಕುಪ್ಪಳಿಯ ಮನೆಗೆ ದಕ್ಷಿಣ ಕನ್ನಡದಿಂದ ಮೇಷ್ಟರನ್ನು ಕರೆಸಿ ಕುವೆಂಪು ಅವರಿಗೆ ಅಕ್ಷರ ಹೇಳಿಸಿದ್ದರು. ತೀರ್ಥಹಳ್ಳಿಯ ಶಾಲೆ ಆಮೇಲಿನದು. ಮಿಕ್ಕ ಪಾಠ ಮನೆಯ ಸುತ್ತಲಿನ ಕಾಡಿನದು.

ನಿಜವಾದ ಆರಂಭ ಪುತ್ತೂರಿನ ಬಾಲವನ. ಶಿವರಾಮ ಕಾರಂತರು 1930ರ ದಶಕದಲ್ಲಿ ಅಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮಾಡಿದ ಪ್ರಯೋಗಗಳಲ್ಲಿ ನಾಟಕ, ಕುಣಿತದ ಕಥೆಯನ್ನು ಎಲ್ಲರೂ ಹೇಳುತ್ತಾರೆ. 1936ರಲ್ಲಿ ‘ಬಾಲ ಪ್ರಪಂಚ’ದ ಸಂಪುಟಗಳನ್ನು ಹೊರತಂದು, ಕನ್ನಡದ ಮಗುವಿನ ಮುಂದೆ ನಕ್ಷತ್ರದಿಂದ ಹುಳುವಿನವರೆಗೆ ಎಲ್ಲವನ್ನೂ ಹರಡಿದವರೂ ಅವರೇ. ಕಡಿಮೆ ಜನ ಹೇಳುವ ಇನ್ನೊಂದು ಸಂಗತಿಯಿದೆ: ತಮ್ಮ ಸ್ವಂತ ಮಕ್ಕಳನ್ನು ಮೊದಲ ವರ್ಷಗಳಲ್ಲಿ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಿದರು. ಹಾಗೆ ಬೆಳೆದ ಮಗ ಉಲ್ಲಾಸ ಕಾರಂತರು ಓದಿದ್ದು ಎಂಜಿನಿಯರಿಂಗು, ಕೊನೆಗೆ ಸೇರಿದ್ದು ನಾಗರಹೊಳೆ. ಅಲ್ಲಿ ಕ್ಯಾಮೆರಾ ಬಲೆ ಹೂಡಿ, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆ ಬೇರೆ ಗುರುತಿಸಿ ಎಣಿಸುವ ವಿಧಾನಕ್ಕೆ ಹೆಸರಾದರು. ಶಾಲೆ ತಡವಾಗಿ ಶುರುವಾದರೆ ಮಗು ಹಾಳಾಗುತ್ತದೆ ಎನ್ನುವ ಅಜ್ಜಂದಿರಿಗೆ ನಾನು ಕೊಡುವ ಉದಾಹರಣೆ ಇದು. ಹುಲಿ ಅಂದರೆ ಅವರೂ ಸುಮ್ಮನಾಗುತ್ತಾರೆ.

ಇನ್ನು ನಮ್ಮ ತಲೆಮಾರು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

1976ರಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಬಂತು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಬೆಟ್ಟಗಾಡು ಅಲೆದ ಸಸ್ಯವಿಜ್ಞಾನಿಯೊಬ್ಬ, ತನ್ನದೇ ಚಿತ್ರ ಬರೆದು, ಹುಡುಗರ ಪೆದ್ದುತನವನ್ನೂ ತನ್ನದನ್ನೂ ಸೇರಿಸಿ ನಗುತ್ತ ಗಿಡ ಪರಿಚಯಿಸಿದ ಪುಸ್ತಕ. ಗಿಡದ ಹೆಸರು ಕಲಿಸಲು ಗದರಬೇಕಿಲ್ಲ ಎಂದು ನನಗೆ ಗೊತ್ತಾದದ್ದು ಅದರಿಂದ. 1980ರಲ್ಲಿ ತೇಜಸ್ವಿಯವರ ‘ಕರ್ವಾಲೊ’. ಹಾರುವ ಓತಿಯ ಬೆನ್ನು ಹತ್ತಿದ ವಿಜ್ಞಾನಿ, ಊರವರು ದಡ್ಡನೆಂದು ಕೈಬಿಟ್ಟ ಮಂದಣ್ಣನಲ್ಲಿ ಹುಟ್ಟು ನಿಸರ್ಗತಜ್ಞನನ್ನು ಕಾಣುತ್ತಾನೆ. ಬಯಲ ಶಿಕ್ಷಣದ ಬಗ್ಗೆ ಕನ್ನಡದಲ್ಲಿ ಬಂದ ಅತ್ಯುತ್ತಮ ಗ್ರಂಥ ಯಾವುದೆಂದರೆ ನಾನು ಈ ಕಾದಂಬರಿಯನ್ನೇ ತೋರಿಸುತ್ತೇನೆ, ಬಿ.ಎಡ್. ಕಾಲೇಜಿನವರು ಒಪ್ಪುವುದಿಲ್ಲ. 1991ರ ‘ಪರಿಸರದ ಕಥೆ’ಯಂತೂ ಹೈಸ್ಕೂಲು ಹುಡುಗರ ಕೈಯಲ್ಲಿ ಹರಿದು ಚಿಂದಿಯಾಯಿತು.

ಅದೇ ಕಾಲಕ್ಕೆ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಹಳ್ಳಿ ಶಾಲೆಗಳಿಗೂ ಬರತೊಡಗಿತು. 1970ರ ದಶಕದಿಂದ ಬೆಂಗಳೂರಿನ ಪಕ್ಷಿವೀಕ್ಷಕರು ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತಿದ್ದರು. ನಾನು ರಾತ್ರಿ ಬಸ್ಸು ಹಿಡಿದು ಹೋಗಿ ಕಲಿತದ್ದು ಅಲ್ಲೇ. ಕಲಿತದ್ದನ್ನು ತಂದು ಸುರಿದದ್ದು ನಮ್ಮ ಏರಿ ಮೇಲೆ. ಗೀಜಗನ ಗೂಡಿನ ಪಾಠವನ್ನೇ ತೆಗೆದುಕೊಳ್ಳಿ. ಗಂಡು ಹಕ್ಕಿ ಗೂಡನ್ನು ಟೊಪ್ಪಿಗೆಯಷ್ಟು ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಗಂಡು ಕೊಳವೆ ಇಳಿಸಿ ಪೂರ್ತಿ ಮಾಡುತ್ತದೆ. ಒಪ್ಪದಿದ್ದರೆ ಅರ್ಧ ಗೂಡು ಈಚಲು ಮರದಲ್ಲೇ ನೇತಾಡುತ್ತದೆ. ಮಳೆಗಾಲದ ನಾಲ್ಕು ವಾರ ಒಂದೇ ಮರದ ಕೆಳಗೆ ಕೂತ ಮಗುವಿಗೆ ಇದನ್ನು ಯಾರೂ ಹೇಳಬೇಕಿಲ್ಲ. ನಲವತ್ತು ನಿಮಿಷದ ಪೀರಿಯಡ್ಡಿಗೆ ಮಾತ್ರ ಇದು ಹಿಡಿಸುವುದಿಲ್ಲ.

ಪೀರಿಯಡ್ಡು ಗೆದ್ದದ್ದು 1991ರಲ್ಲೇ ಎನ್ನಬಹುದು. ಆ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ, ಪರಿಸರ ಶಿಕ್ಷಣವನ್ನು ಕಡ್ಡಾಯ ಮಾಡಲು ಹೇಳಿತು. ಉದ್ದೇಶ ಒಳ್ಳೆಯದೇ. ಆದರೆ ಪರಿಸರ ಪುಸ್ತಕವಾಗಿ ತರಗತಿಯೊಳಕ್ಕೆ ಬಂತು, ಮಕ್ಕಳು ಹೊರಕ್ಕೆ ಹೋಗಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ, ರಿಷಿ ವ್ಯಾಲಿಯ ಮಾದರಿ ಹಿಡಿದು ಸ್ವಲ್ಪ ಗಾಳಿ ತಂದಿತು. ಅದೂ ಕಾರ್ಡು, ಚಪ್ಪರ, ಏಣಿಗಳಲ್ಲಿ ಗೋಡೆಯೊಳಗೇ ಉಳಿಯಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಮಕ್ಕಳಿಗಾಗಿ ಕನ್ನಡದಲ್ಲೂ ತಂದ ಹಕ್ಕಿ ಕೈಪಿಡಿ, ವಾರಕ್ಕೊಮ್ಮೆ ಒಂದೇ ಮರದ ಚಿಗುರು, ಹೂ, ಕಾಯಿ ಗುರುತುಹಾಕುವ ಸೀಸನ್‌ವಾಚ್, ಇವು ಈಚಿನ ಒಳ್ಳೆಯ ಕೆಲಸಗಳು. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ನಕ್ಷತ್ರ ಇಟ್ಟುಕೊಂಡು, ರೋಹಿಣಿಗೆ ಇದು ಚಿಗುರಬೇಕು, ಹುಬ್ಬೆಗೆ ಅದು ಹೂವಾಗಬೇಕು ಎನ್ನುತ್ತಿದ್ದ ನಮ್ಮಜ್ಜಿಗೆ ಸೀಸನ್‌ವಾಚ್ ಹೊಸದೆನಿಸುತ್ತಿರಲಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳನ್ನೆಲ್ಲ ಶಾಲೆಗೆ ಸೇರಿಸಲು ಹೊರಟಿತು; ಮನೆಯಲ್ಲಿ ಕಲಿಯುವವರ ಹೆಸರನ್ನೇ ಎತ್ತಲಿಲ್ಲ. ಆ ಮೌನದ ಸಂದಿಯಲ್ಲೇ ಬೆಂಗಳೂರು, ಮೈಸೂರಿನ ಹೋಮ್‌ಸ್ಕೂಲ್ ಕುಟುಂಬಗಳು ಬೆಳೆದವು. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಬಹುದು ಎಂಬ ಧೈರ್ಯ ಅವರ ಬೆನ್ನಿಗಿದೆ. ಗಂಟೆಯ ಹಂಗಿಲ್ಲದ ಇವರಿಗೆ ಈಚಲು ಮರದ ಕೆಳಗೆ ನಾಲ್ಕು ವಾರ ಕೂರಲು ಸಾಧ್ಯ. ಆದರೆ ಶಿಬಿರ ಎರಡು ದಿನದ್ದು, ಮುಂದಿನದು ಬೇರೆ ಊರಲ್ಲಿ.

ಸರ್ಕಾರಕ್ಕೂ ಒಮ್ಮೆ ಬಯಲು ಒದಗಿಬಂದಿತ್ತು. 2020ರ ಆಗಸ್ಟಿನಲ್ಲಿ, ಕೊರೋನಾದಿಂದ ಶಾಲೆ ಮುಚ್ಚಿದ್ದಾಗ, ವಿದ್ಯಾಗಮ ಯೋಜನೆಯಲ್ಲಿ ಮೇಷ್ಟರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿ, ಮರದ ನೆರಳಲ್ಲಿ ಪಾಠ ಹೇಳಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ನಿಂತು, ಮತ್ತೆ 2021ರ ಜನವರಿಯಲ್ಲಿ ಶುರುವಾಯಿತು. ನಾನು ಕಂಡ ಒಂದು ಗುಂಪು ಕೆರೆಗೆ ಬೆನ್ನು ಮಾಡಿ ಕೂತು ‘ಜಲಮೂಲಗಳು’ ಪಾಠದ ಪ್ರಶ್ನೋತ್ತರ ಬರೆಯುತ್ತಿತ್ತು. ಹಿಂದೆ ಮಿಂಚುಳ್ಳಿ ಮೂರು ಸಲ ನೀರಿಗೆ ಬಿತ್ತು. ಮೇಷ್ಟರನ್ನು ದೂರಿ ಫಲವಿಲ್ಲ, ಅವರಿಗೆ ಯಾರೂ ತಿರುಗಿ ಕೂರಿ ಎಂದು ಹೇಳಿರಲಿಲ್ಲ.

ಈ ತೊಂಬತ್ತು ವರ್ಷದ ಸಾಲಿನಲ್ಲಿ ಒಂದು ವಿಚಿತ್ರವಿದೆ. ಕುಪ್ಪಳಿ, ಪುತ್ತೂರು, ತೇಜಸ್ವಿಯವರ ಮೂಡಿಗೆರೆ, ನಾಗರಹೊಳೆ: ಪಾಠವೆಲ್ಲ ಮಳೆಕಾಡಿನದು, ಕಾಡಂಚಿನದು. ನಮ್ಮ ಹಾಸನ ಜಿಲ್ಲೆಯಲ್ಲೂ ನಿಸರ್ಗ ಶಿಬಿರವೆಂದರೆ ಸಕಲೇಶಪುರ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿ ದಡದ ಹಳ್ಳಿಗಳನ್ನು ಬರೆದರು, ಅಲ್ಲಿ ಮನುಷ್ಯರದೇ ಗದ್ದಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳಿಗೆ ಪುರಿ ಎಸೆಯದ ಮಗು ನಮ್ಮ ಕಡೆ ಕಡಿಮೆ, ಆ ಮೀನಿನ ಬಗ್ಗೆ ಮಕ್ಕಳ ಪುಸ್ತಕವೊಂದು ನನ್ನ ಕಣ್ಣಿಗೆ ಬಿದ್ದಿಲ್ಲ. ಚನ್ನರಾಯಪಟ್ಟಣದ ಗೋಮಾಳ, ಕಲ್ಲುಗುಡ್ಡ, ರಾಗಿ ಹೊಲದ ಬದು ಇವಕ್ಕೆ ತೇಜಸ್ವಿಯೂ ಇಲ್ಲ, ಕೈಪಿಡಿಯೂ ಇಲ್ಲ. ಓದಬೇಕಾದ ಗೋಮಾಳವೇ ಸೈಟುಗಳಾಗುತ್ತಿದೆ.

ಇನ್ನೊಂದು ವಿಚಿತ್ರ ಹೆಸರಿನದು. ಪೇಟೆಯ ಮಗು ಶಾಲೆಗೆ ಹೋಗದಿದ್ದರೆ ಹೋಮ್‌ಸ್ಕೂಲರ್. ಕುರಿ ಹಿಂದೆ ಹೋದ ಮಗು ಇಲಾಖೆಯ ಪಟ್ಟಿಯಲ್ಲಿ ‘ಶಾಲೆಯಿಂದ ಹೊರಗುಳಿದ ಮಗು’. ಕುರಿ ಕಾಯುವುದೇ ಶಿಕ್ಷಣ ಎಂದು ಹೇಳುವ ರೊಮ್ಯಾಂಟಿಕ್ ನಾನಲ್ಲ. ಆ ಮಗುವಿಗೆ ಅಕ್ಷರ ಬೇಕೇ ಬೇಕು. ಅವನಿಗೆ ಗೊತ್ತಿರುವುದನ್ನು ಮಾತ್ರ ಈ ತೊಂಬತ್ತು ವರ್ಷದಲ್ಲಿ ಯಾರೂ ಕೂತು ಬರೆದುಕೊಂಡಂತಿಲ್ಲ.

ಶಿಬಿರದ ಎರಡನೇ ಬೆಳಿಗ್ಗೆ ಏರಿ ಕೆಳಗೆ ಮೇಕೆ ಮೇಯಿಸುತ್ತಿದ್ದ ಹುಡುಗನೊಬ್ಬ ನಮ್ಮನ್ನು ತಡೆದು, ಅತ್ತ ಕಾಲಿಡಬೇಡಿ, ಟಿಟ್ಟಿಭ ಮೊಟ್ಟೆಯಿಟ್ಟಿದೆ ಎಂದ. ಬೆಣಚುಕಲ್ಲುಗಳ ನಡುವೆ ಕಲ್ಲಿನಂತೆಯೇ ನಾಲ್ಕು ಮೊಟ್ಟೆ. ಬೆರಳು ತೋರಿಸಿದರೂ ನಮಗೆ ಕಾಣಲು ಹೊತ್ತು ಹಿಡಿಯಿತು. ಆಮೇಲೆ ಮೇಕೆ ಯಾವ ಗಿಡ ತಿನ್ನುತ್ತದೆ, ಯಾವುದನ್ನು ಮುಟ್ಟುವುದಿಲ್ಲ ಎಂದು ತೋರಿಸುತ್ತ ನಡೆದ. ದುರ್ಬೀನಿನ ಹುಡುಗಿಯೊಬ್ಬಳು ಗೆರೆಯಿಲ್ಲದ ಹಾಳೆಯಲ್ಲಿ ಒಂದೊಂದೇ ಬರೆದುಕೊಂಡು, ಏಳು ಗಿಡವಾದ ಮೇಲೆ ಹೆಸರು ಸರಿಯಿದೆಯೇ ಎಂದು ನನಗೆ ತೋರಿಸಿದಳು. ಐದನ್ನು ತಿದ್ದಿಕೊಟ್ಟೆ. ಉಳಿದೆರಡು ಹೆಸರು ನಾನೂ ಅವತ್ತೇ ಮೊದಲು ಕೇಳಿದ್ದು.